ರಾಕ್ಷಸ ಸಿಕ್ಕಿಬಿಟ್ಟರೆ ಸೀರಿಯಲ್ಲೇ ಮುಗಿದುಹೋಗುತ್ತದೆ

ನ್ಯೂಜಿಲೆಂಡಿನವರು 2018ರಲ್ಲಿ ‘ವೆಲ್ಲಿಂಗ್ಟನ್ ಪ್ಯಾರಾನಾರ್ಮಲ್’ ಅಂತ ಒಂದು ಹಾಸ್ಯ ಧಾರಾವಾಹಿ ಶುರು ಮಾಡಿದರು. ಇಬ್ಬರು ಪೊಲೀಸರು, ಅವರ ಮೇಲೊಬ್ಬ ಸಾರ್ಜೆಂಟು, ಸ್ಟೇಷನ್ನಿನೊಳಗೇ ಒಂದು ಗುಪ್ತ ಕೋಣೆ. ಊರಲ್ಲಿ ದೆವ್ವ ಕಾಣಲಿ, ರಕ್ತಪಿಶಾಚಿ ಕಾಣಲಿ, ಇವರಿಬ್ಬರು ಹೋಗಿ ಹೆಲ್ಮೆಟ್ ಹಾಕದ ಹುಡುಗನನ್ನು ವಿಚಾರಿಸುವ ದನಿಯಲ್ಲೇ ಅದನ್ನೂ ವಿಚಾರಿಸುತ್ತಾರೆ. ನಾಲ್ಕು ಸೀಸನ್ ಓಡಿ 2022ರಲ್ಲಿ ನಿಂತಿತು. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ತೋರಿಸಿ ನೋಡಿ, ಒಬ್ಬರೂ ನಗುವುದಿಲ್ಲ. “ಇದ್ರಲ್ಲಿ ತಮಾಷೆ ಏನೈತೆ? ನಮ್ಮಲ್ಲಿ ದಿನಾ ಹಿಂಗೇ ಅಲ್ವಾ?” ಅಂತಾರೆ.

ಹಾಗೆ ನೋಡಿದರೆ ಈ ಕಥೆಯ ಹಕ್ಕು ನಮ್ಮದೇ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕಾ ದೇವಿಯ ಗುಡಿಯ ಹತ್ತಿರ, ಮೃಗ ಮೇಲೆ ಬಿತ್ತು. ಸುದತ್ತ ಮುನಿಗಳು ‘ಹೊಯ್ ಸಳ’ ಅಂದರು. ಸಳ ಹೊಯ್ದ. ಅಷ್ಟೇ! ಆಮೇಲೆ ವಂಶದವರು ಮುನ್ನೂರು ವರ್ಷಕ್ಕೂ ಮೇಲೆ ರಾಜ್ಯ ಆಳಿದರು, ಬೇಲೂರು ಹಳೇಬೀಡಿನಲ್ಲಿ ಆ ದೃಶ್ಯವನ್ನು ಕಲ್ಲಲ್ಲಿ ಕಡೆಸಿದರು, 2023ರಲ್ಲಿ ಯುನೆಸ್ಕೊ ಕೂಡ ಆ ಗುಡಿಗಳಿಗೆ ಮೊಹರು ಒತ್ತಿತು. (ಅದು ಹುಲಿಯೋ ಸಿಂಹವೋ ಎಂಬ ಜಗಳ ಬೇಲೂರಿನಲ್ಲಿ ಪ್ರವಾಸಿಗರ ಗುಂಪಿಗೊಂದು ನಡೆಯುತ್ತಲೇ ಇರುತ್ತದೆ. ಮೃಗದ ಮುಖ ನೋಡಿದರೆ ಅದಕ್ಕೂ ತಾನೇನೆಂದು ಗೊತ್ತಿದ್ದಂತಿಲ್ಲ.) ಆದರೆ ಟೀವಿಯ ಲೆಕ್ಕದಲ್ಲಿ ಸಳ ಶುದ್ಧ ದಡ್ಡ. ಒಂದೇ ಏಟಿಗೆ ಮೃಗ ಸತ್ತರೆ ಜಾಹೀರಾತು ಹಾಕುವುದೆಲ್ಲಿ? ಮುನಿಗಳ ಬೈಟ್ ಎಲ್ಲಿ? ಇವತ್ತಾಗಿದ್ದರೆ ಅವನ ಮೇಲೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೀಳುತ್ತಿತ್ತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಲಾಕೆಟ್ ಹಾಕಿಕೊಂಡ ಸ್ಪರ್ಧಿಯನ್ನು ರಿಯಾಲಿಟಿ ಶೋ ಮನೆಯಿಂದಲೇ ಎಬ್ಬಿಸಿಕೊಂಡು ಹೋದ ನಾಡು ಇದು. ಬರೀ ಉಗುರಿಗೆ ಅಷ್ಟಾದರೆ ಇಡೀ ಹುಲಿಗೆ ಎಷ್ಟಾಗಬೇಡ?

ಸಳನ ತಪ್ಪಿನಿಂದ ನಾವು ಪಾಠ ಕಲಿತಿದ್ದೇವೆ. ನಮ್ಮ ಧಾರಾವಾಹಿಯಲ್ಲಿ ರಾಕ್ಷಸನ ಪಾತ್ರ ಆನೆಗೆ ಕೊಟ್ಟಿದ್ದೇವೆ, ವರ್ಷವರ್ಷವೂ ಓಡಿಸುತ್ತಿದ್ದೇವೆ.

ಕಾಫಿ ಹಣ್ಣಾಗುವ ಹೊತ್ತಿಗೆ, ಭತ್ತ ಹಾಲು ತುಂಬುವ ಹೊತ್ತಿಗೆ ಹೊಸ ಸೀಸನ್. ಸ್ಟುಡಿಯೊದಲ್ಲಿ ನಿರೂಪಕ ಕೋಟು ಹಾಕಿಕೊಂಡು ‘ನರಹಂತಕ’, ‘ಪುಂಡ’, ‘ರಾಕ್ಷಸ ಸಲಗ’ ಅಂತ ಕಿರುಚುತ್ತಾನೆ. ಹಿನ್ನೆಲೆಯಲ್ಲಿ ಮಹಿಷಾಸುರನಿಗೆ ಬಾರಿಸುವ ಡೋಲು. ಪರದೆಯ ಮೇಲೆ ಕೆಂಪು ಸುತ್ತು, ಸುತ್ತಿನೊಳಗೆ ಆನೆ ಬೈನೆ ಮರ ಸಿಗಿದು ತಿನ್ನುತ್ತಿದೆ. ಬೇರೇನೂ ಮಾಡುತ್ತಿಲ್ಲ. ತೋಟದ ಗೇಟಿನಲ್ಲಿ ಮೈಕು ಹಿಡಿದ ಹುಡುಗ ಒಬ್ಬ ಅಜ್ಜನನ್ನು ನಿಲ್ಲಿಸಿಕೊಂಡಿರುತ್ತಾನೆ.

“ಆನೆ ಎದುರಿಗೆ ಬಂದಾಗ ನಿಮಗೆ ಏನನ್ನಿಸ್ತು ಅಜ್ಜ?”

“ಏನನ್ನಿಸ್ತದೆ ಸಾರ್, ಗದ್ದೆ ಹೋಯ್ತು ಅನ್ನಿಸ್ತು.”

“ಭಯ ಆಗ್ಲಿಲ್ವಾ?”

“ಆಯ್ತು, ಓಡಿದೆ.”

“ಎಲ್ಲಿಂದ ಎಲ್ಲಿಗೆ ಓಡಿದ್ರಿ? ಒಂದ್ಸಲ ಓಡಿ ತೋರ್ಸಿ. ಇಲ್ಲಿ ಬಿಸಿಲು ಬೀಳ್ತಿಲ್ಲ, ಆ ಕಡೆಯಿಂದ ಬನ್ನಿ.”

ಅಜ್ಜ ಮಂಡಿನೋವಿನಲ್ಲೇ ಎರಡು ಸಲ ಓಡುತ್ತಾನೆ. ಮೂರನೆಯ ಸಲ ಪಕ್ಕದ ತೋಟದಲ್ಲಿ ನಿಜವಾಗಿಯೂ ಘೀಳು ಕೇಳಿಸಿ ಮೈಕಿನ ಹುಡುಗನೂ ಜೊತೆಗೆ ಓಡುತ್ತಾನೆ. ಅದು ಮಾತ್ರ ರೆಕಾರ್ಡ್ ಆಗಿರುವುದಿಲ್ಲ.

ಜಗತ್ತಿನ ಯಾವ ರಾಕ್ಷಸನ ವಿಳಾಸವೂ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಕ್ಕಿಲ್ಲ. ಭೀಮ, ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದೇವೆ. ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿದ್ದೇವೆ. ಯಾವ ಗುಂಪು ಯಾವ ಎಸ್ಟೇಟಿನಲ್ಲಿದೆ ಅಂತ ಬೆಳಗಾಗೆದ್ದು ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜು ಬರುತ್ತದೆ, ಕೊನೆಗೆ ‘ಸಾರ್ವಜನಿಕರು ಎಚ್ಚರದಿಂದಿರಿ’. ಆದರೆ ಲೈನ್‌ಮನೆಯ ಹೆಂಗಸು ಏಳು ಗಂಟೆಗೆ ಹಣ್ಣು ಕೊಯ್ಯಲು ಅದೇ ಎಸ್ಟೇಟಿನ ಗೇಟು ದಾಟಬೇಕು. ಅವಳು ಎಚ್ಚರದಿಂದಿದ್ದು ಮಾಡುವುದಾದರೂ ಏನು? ಕೂಲಿ ಬಿಟ್ಟು ಎಚ್ಚರದಿಂದಿರಬೇಕೇ? ಮೆಸೇಜು ಕಳಿಸಿದವರ ಕೆಲಸ ಮುಗಿಯಿತು, ಅವಳ ಕೆಲಸ ಶುರುವಾಯಿತು.

ಸೀಸನ್ನಿನ ಮಧ್ಯಭಾಗ ಎಲ್ಲರಿಗೂ ಬಾಯಿಪಾಠ. ಒಬ್ಬರು ಸಾಯುತ್ತಾರೆ. ಶವ ಇಟ್ಟು ರಸ್ತೆ ತಡೆ. ಬೆಂಗಳೂರಿನಿಂದ ಬಿಳಿ ಕಾರುಗಳು. ‘ಶಾಶ್ವತ ಪರಿಹಾರ’ ಎಂಬ ಹಳೇ ಡೈಲಾಗು. ಆಮೇಲೆ ದುಬಾರೆ, ಮತ್ತಿಗೋಡು ಶಿಬಿರಗಳಿಂದ ಲಾರಿಗಳಲ್ಲಿ ಸಾಕಾನೆಗಳು ಬಂದಿಳಿಯುತ್ತವೆ, ಪೂಜೆ ಆಗುತ್ತದೆ, ಅರಿವಳಿಕೆ ಬಂದೂಕು ಹಿಡಿದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಒಂದೋ ಎರಡೋ ಆನೆ ಹಿಡಿದು ಸಾಗಿಸಿದರೆ ಸೀಸನ್ ಮುಕ್ತಾಯ. ತಜ್ಞರ ಕಾರ್ಯಪಡೆ ವರದಿ ಕೊಟ್ಟಿದ್ದು 2012ರಲ್ಲಿ. ಅದಾದ ಮೇಲೆ 2014ರ ಸುಮಾರಿಗೆ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನು ಒಟ್ಟಿಗೆ ಸಾಗಿಸಿದರು. ಇನ್ನು ಕಥೆ ಮುಗಿಯಿತು ಅಂದುಕೊಂಡರೆ, ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಮನೆ ಖಾಲಿ ಇದೆ ಅಂತ ಬೋರ್ಡು ಹಾಕಿದ್ದು ನಾವೇ. 2022ರಲ್ಲಿ ಹಾಸನ, ಚಿಕ್ಕಮಗಳೂರಿಗೆ ಮತ್ತೆ ಆನೆ ಕಾರ್ಯಪಡೆ ಮಾಡಿದರು. ಅದೇ ವರ್ಷ ಸತ್ತವರ ಮನೆಯವರಿಗೆ ಕೊಡುವ ದುಡ್ಡನ್ನು ಏಳೂವರೆಯಿಂದ 15 ಲಕ್ಷಕ್ಕೆ ಏರಿಸಿದರು. ಆನೆ ಇಳಿಯಲಿಲ್ಲ, ರೇಟು ಏರಿತು.

ನಗು ಬರದೇ ಹೋದ ಎಪಿಸೋಡೂ ಒಂದಿದೆ. ಎಂಟು ದಸರಾಗಳಲ್ಲಿ 750 ಕೆ.ಜಿ. ಅಂಬಾರಿ ಹೊತ್ತ ಅರ್ಜುನನಿಗೆ ವಯಸ್ಸು 60 ಆಯಿತು, ಇನ್ನು ಭಾರ ಹೊರಿಸಬಾರದು ಅಂತ 2020ರಿಂದ ಅಂಬಾರಿಯನ್ನು ಅಭಿಮನ್ಯುವಿಗೆ ವಹಿಸಿದರು. ಬಹಳ ಒಳ್ಳೆಯ ನಿಯಮ. ಅದೇ ಅರ್ಜುನನನ್ನು 2023ರ ಕೊನೆಯಲ್ಲಿ ಯಸಳೂರಿನ ಕಾಡಿಗೆ ಕಾಡಾನೆ ಹಿಡಿಯಲು ಕರೆತಂದರು. ಬೆನ್ನ ಮೇಲೆ ಚಿನ್ನ ಹೊರುವುದಕ್ಕೆ ವಯಸ್ಸಾಗಿತ್ತು, ಮದವೇರಿದ ಸಲಗನ ಜೊತೆ ಕಾದಾಡುವುದಕ್ಕೆ ಆಗಿರಲಿಲ್ಲ! ಡಿಸೆಂಬರ್ 4ರಂದು ಅರ್ಜುನ ಅಲ್ಲೇ ಸತ್ತಿತು. ಅದನ್ನು ಎಲ್ಲಿ ಮಣ್ಣು ಮಾಡಬೇಕು, ಸ್ಮಾರಕ ಎಲ್ಲಿ ಕಟ್ಟಬೇಕು ಅಂತ ಎದ್ದ ಚರ್ಚೆಯ ಕಾಲುಭಾಗ ಅದನ್ನು ಕರೆತರುವ ಮುಂಚೆ ನಡೆದಿದ್ದರೆ ಸಾಕಿತ್ತು.

ಇನ್ನು ಮುಂದಿನ ಸೀಸನ್ನಿಗೆ ದೆವ್ವ ಹಿಡಿಯುವ ಪೊಲೀಸರನ್ನೇ ವೆಲ್ಲಿಂಗ್ಟನ್ನಿನಿಂದ ಕರೆಸಬಹುದು. ಅವರಿಗೆ ಕಾಡಿನಲ್ಲಿ ಕೆಲಸವಿಲ್ಲ, ಬೆಳೆ ಪರಿಹಾರ ಕೊಡುವ ಕಚೇರಿಯಲ್ಲಿದೆ. ಮೊದಲ ದೃಶ್ಯ ನಾನೇ ಬರೆದುಕೊಡುತ್ತೇನೆ. ಓಡಿ ಓಡಿ ಸುಸ್ತಾದ ಅದೇ ಅಜ್ಜ ಅರ್ಜಿ ಹಿಡಿದು ನಿಂತಿದ್ದಾನೆ. ಗುಮಾಸ್ತರು ತಲೆ ಎತ್ತುವುದಿಲ್ಲ.

“ಪಹಣಿ ಯಾರ ಹೆಸರಲ್ಲಿದೆ?”

“ನಮ್ಮಪ್ಪನ ಹೆಸರಲ್ಲಿ ಸ್ವಾಮಿ.”

“ಹಂಗಾದ್ರೆ ಅವರೇ ಬಂದು ಸಹಿ ಹಾಕ್ಬೇಕು.”

“ಅವರು ತೀರ್ಕೊಂಡು ಮೂವತ್ತು ವರ್ಷ ಆಯ್ತು.”

“ಅದು ನಮಗೆ ಗೊತ್ತಿಲ್ಲ. ದಾಖಲೆಯಲ್ಲಿ ಇದಾರೆ. ಕರ್ಕೊಂಡು ಬನ್ನಿ.”

ಅಜ್ಜ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸುತ್ತಾನೆ.

“ಕರ್ಕೊಂಡು ಬರ್ಬೋದು ಸ್ವಾಮಿ. ಅಮಾವಾಸ್ಯೆ ರಾತ್ರಿ ಕರೆದ್ರೆ ಬಂದ್ರೂ ಬಂದಾರು. ಆದ್ರೆ ಆನೆ ಕಾಟ ನೋಡಿ, ಈಗೀಗ ಅಪ್ಪನೂ ಕತ್ತಲಾದ್ಮೇಲೆ ಹೊರಗೆ ಬರಲ್ಲ.”