ಕೇಳಬೇಕಾದ ಪ್ರಶ್ನೆ ಅದಲ್ಲ

ನಿನ್ನೆಯ ಚರ್ಚಾಗೋಷ್ಠಿಯಿಂದ ಹೊತ್ತು ತಂದ ಸಿಟ್ಟು ಇನ್ನೂ ಇಳಿದಿಲ್ಲ. ಕಾರ್ಮಿಕರೇ ಒಡೆಯರಾಗಿರುವ ಕಾರ್ಖಾನೆಗಳ ಬಗ್ಗೆ ಯುವತಿಯೊಬ್ಬಳು ಎಷ್ಟು ಚೆನ್ನಾಗಿ ಓದಿಕೊಂಡು ಬಂದಿದ್ದಳು! ಸ್ಪೇನಿನ ಬಾಸ್ಕ್ ಸೀಮೆಯಲ್ಲಿ 1956ರಲ್ಲಿ ಚಿಗುರಿದ ಮೊಂಡ್ರಾಗನ್ ಸಹಕಾರ ಸಂಸ್ಥೆಗಳಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ, ಆಡಳಿತ ಮಂಡಳಿಯನ್ನು ಆರಿಸುವವರೂ ಸದಸ್ಯರೇ ಎಂದು ವಿವರಿಸುತ್ತಿದ್ದಳು. ಮಾತು ಮುಗಿಯುವ ಮೊದಲೇ ಮುಂದಿನ ಸಾಲಿನಿಂದ ಬಂತು: “ನೀವು ಕಮ್ಯುನಿಸ್ಟರೇ?” ಅವಳು ಅಲ್ಲವೆಂದಳು. ಹಿಂದಿನ ಸಾಲಿನವರು ಬಿಟ್ಟಾರೆಯೇ? “ಹಾಗಾದರೆ ಇದು ಬಂಡವಾಳಶಾಹಿಗೆ ಬಣ್ಣ ಬಳಿಯುವ ಸುಧಾರಣಾವಾದ.” ಉಳಿದ ಮುಕ್ಕಾಲು ಗಂಟೆ, ಅವಳು ಯಾವ ಪಂಥದವಳು ಎಂಬ ವಿಚಾರಣೆಯಲ್ಲೇ ಕಳೆಯಿತು. ಆ ಸಂಸ್ಥೆಗಳಿಗೆ ಪ್ರೇರಣೆಯಾದವರು ಒಬ್ಬ ಕ್ಯಾಥೊಲಿಕ್ ಪಾದ್ರಿ ಎಂದು ಹೇಳಲೂ ಅವಳಿಗೆ ಬಿಡಲಿಲ್ಲ.

ಕಠಿಣ ಪ್ರಶ್ನೆಗಳಿಗೆ ಬರವಿತ್ತೇ? ಗೃಹೋಪಕರಣ ತಯಾರಿಸುತ್ತಿದ್ದ ಅದೇ ಸಮೂಹದ ಫಾಗೊರ್ 2013ರಲ್ಲಿ ದಿವಾಳಿಯಾಯಿತು. ಏಕೆ? ಹೊರದೇಶಗಳ ಅಂಗಸಂಸ್ಥೆಗಳಲ್ಲಿ ದುಡಿಯುವ ಬಹುಪಾಲು ಕಾರ್ಮಿಕರಿಗೆ ಸದಸ್ಯತ್ವವೇ ಇಲ್ಲ. ಅವರ ಪಾಲಿಗೆ ಇದು ಎಂಥ ಒಡೆತನ? ಇಷ್ಟು ಕೇಳಿದ್ದರೆ ಅವಳಿಗೂ ಬೆವರಿಳಿಯುತ್ತಿತ್ತು, ನಮಗೂ ಏನಾದರೂ ದಕ್ಕುತ್ತಿತ್ತು. ಹಣೆಪಟ್ಟಿ ಹಚ್ಚಿದ್ದರಿಂದ ದಕ್ಕಿದ್ದೇನು?

ಹಣೆಪಟ್ಟಿಗೂ ಇತಿಹಾಸವಿದೆ, ಕಮ್ಯುನಿಸಂ ಎಂದಾಗ 1932–33ರಲ್ಲಿ ಉಕ್ರೇನಿನ ಕ್ಷಾಮಕ್ಕೆ ಬಲಿಯಾದ ಲಕ್ಷಾಂತರ ಜನ ನೆನಪಾಗಬೇಡವೇ ಎಂದು ಗೆಳೆಯರೊಬ್ಬರು ಕೇಳಿದರು. ನೆನಪಾಗಲೇಬೇಕು. ಆದರೆ ರೈತರ ಧಾನ್ಯವನ್ನು ಬಲವಂತವಾಗಿ ಕಿತ್ತುಕೊಂಡ ಸೋವಿಯತ್ ಪ್ರಭುತ್ವಕ್ಕೂ ತಮ್ಮ ಆಡಳಿತ ಮಂಡಳಿಯನ್ನು ತಾವೇ ಆರಿಸಿಕೊಳ್ಳುವ ಕಾರ್ಮಿಕರಿಗೂ ಒಂದೇ ಪಟ್ಟಿ ಕಟ್ಟಿದರೆ ಸತ್ತವರಿಗೆ ಯಾವ ನ್ಯಾಯ ಸಿಕ್ಕಿತು? ಜರ್ಮನಿಯಲ್ಲಿ 1878ರಲ್ಲಿ ಸಮಾಜವಾದಿ ಸಂಘಟನೆಗಳನ್ನು ನಿಷೇಧಿಸಿದ ಚಾನ್ಸಲರ್ ಬಿಸ್ಮಾರ್ಕನ ಸರ್ಕಾರವೇ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆಯ ಕಾನೂನು ತಂದಿತು. ಆ ವಿಮೆಯನ್ನು ಯಾವ ಪಂಥಕ್ಕೆ ಸೇರಿಸುತ್ತೀರಿ?

ನನ್ನ ಸಂಘಟನೆಯ ದಿನಗಳನ್ನು ಬಲ್ಲವರ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಸರ್ಕಾರ ಒಂದಿಷ್ಟು ಮೂಲ ಆದಾಯ ಕೊಡಬೇಕೆಂದು ನನ್ನ ತಮ್ಮ ವಾದಿಸಿದಾಗ, ಅದನ್ನು ಹೋಲುವ ಯೋಜನೆಯನ್ನು 1962ರಲ್ಲಿ ಮುಕ್ತ ಮಾರುಕಟ್ಟೆಯ ಪರ ವಾದಿಸುತ್ತಿದ್ದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಮುಂದಿಟ್ಟಿದ್ದರೆಂಬ ಒಂದೇ ಕಾರಣಕ್ಕೆ, ‘ಬಲಪಂಥೀಯರ ಹುನ್ನಾರ’ ಎಂದು ಅವನ ಬಾಯಿ ಮುಚ್ಚಿಸಿದ್ದೆ. ಅವನು ಲೆಕ್ಕ ಹಾಕಿ ತಂದಿದ್ದ ಹಾಳೆಗಳನ್ನು ಬಿಡಿಸಿಯೂ ನೋಡಲಿಲ್ಲ. ಆಮೇಲೆ ಅವನು ನನ್ನೊಂದಿಗೆ ಇಂಥ ಮಾತು ಎತ್ತಲೇ ಇಲ್ಲ. ನಿನ್ನೆ ಆ ಯುವತಿ ತನ್ನ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಾಗ ನನಗೆ ಕಂಡದ್ದು ತಮ್ಮನ ಮುಖ.

ಹೊರಗೆ ಅವಳನ್ನು ನಿಲ್ಲಿಸಿ ಫಾಗೊರ್ ಏಕೆ ಮುಳುಗಿತೆಂದು ಕೇಳಿದೆ. ಅವಳು ಮತ್ತೆ ಹಾಳೆಗಳನ್ನು ಹೊರತೆಗೆದಳು.