ಜನರಿಲ್ಲದ ದ್ವೀಪಕ್ಕೆ ಪಾರ್ಕಿಂಗ್ ವ್ಯವಸ್ಥೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅಭಿವೃದ್ಧಿ ಆಗಬೇಕು ಅಂದ್ರೆ ಒಂದೇ ಅರ್ಹತೆ ಸಾಕು. ಅಲ್ಲಿ ಜನ ಇರಬಾರದು.

ಕಾರವಾರದ ಎದುರಿನ ಕೂರ್ಮಗಡ ದ್ವೀಪವನ್ನೇ ನೋಡಿ. ವರ್ಷಕ್ಕೊಮ್ಮೆ ನರಸಿಂಹ ದೇವರ ಜಾತ್ರೆಗೆ ದೋಣಿಗಳು ಸಾಲುಗಟ್ಟುತ್ತವೆ. ಉಳಿದ ದಿನ ಗಾಳಿ, ಹಕ್ಕಿ, ದೇವರು. ದೇವಗಡ ದ್ವೀಪದಲ್ಲಿ ಬ್ರಿಟಿಷರು 1864ರಲ್ಲಿ ದೀಪಸ್ತಂಭ ಕಟ್ಟಿದರು. ಆಗ ಡಿಪಿಆರ್ ಅನ್ನೋ ವಿಸ್ತೃತ ಯೋಜನಾ ವರದಿ ಇರಲಿಲ್ಲ, ಹಾಗಾಗಿ ಕೆಲಸ ಮುಗಿಯಿತು. ಬಿಣಗಾ ದಡದಿಂದ ಕಣ್ಣಿಗೆ ಕಾಣುವ ಅಂಜದೀವ್ ಲೆಕ್ಕದಲ್ಲಿ ಗೋವಾದ್ದು, ಕೈಯಲ್ಲಿ ನೌಕಾಪಡೆಯದ್ದು, ನಮಗೆ ನೋಡೋದಕ್ಕೆ ಮಾತ್ರ. ಭಟ್ಕಳ ಕಡೆಯ ನೇತ್ರಾಣಿಯಂತೂ ಇನ್ನೂ ಚಂದ: ನೌಕಾಪಡೆ ಗುರಿ ಇಟ್ಟು ಹೊಡೆದು ಅಭ್ಯಾಸ ಮಾಡಿದ ಗುಡ್ಡದ ಬುಡದಲ್ಲೇ ಪ್ರವಾಸಿಗರು ಹವಳ ನೋಡಲು ಮುಳುಗುತ್ತಾರೆ.

ಇಂಥ ದ್ವೀಪಗಳಿಗೆ ಸಾಹೇಬರು ‘ಸ್ಥಳ ಪರಿಶೀಲನೆ’ಗೆ ಹೊರಡುವ ವೈಭವವನ್ನು ಒಮ್ಮೆ ನೋಡಬೇಕು. ಇಸ್ತ್ರಿ ಮಾಡಿದ ಪ್ಯಾಂಟು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ಅದರ ಮೇಲೆ ಶಾಲು. ಅಳಿವೆ ದಾಟಿದ ಕೂಡಲೇ ದೋಣಿ ಎದ್ದು ಬೀಳುತ್ತದೆ. ಬೆಳಗ್ಗೆ ತಿಂದ ಬನ್ಸು ವಾಪಸು ಬರುತ್ತದೆ. ದೋಣಿ ನಡೆಸುವ ತಾಂಡೇಲ ಮುಖ ಆ ಕಡೆ ತಿರುಗಿಸಿ ನಗುತ್ತಾನೆ. ದ್ವೀಪ ಮುಟ್ಟಿದ ಮೇಲೆ ಬಂಡೆ ಹತ್ತಲು ಇಬ್ಬರು ಹಿಡಿಯಬೇಕು, ಒಬ್ಬ ಫೋಟೋ ತೆಗೆಯಬೇಕು. ‘ಮಾಲ್ಡೀವ್ಸ್ ಮಾದರಿ’ ಎಂಬ ಮಾತು ಅಲ್ಲೇ ಹುಟ್ಟುತ್ತದೆ. ತಲೆ ಸುತ್ತು ಇನ್ನೂ ಇಳಿದಿರುವುದಿಲ್ಲ, ಅದೇ ಕಾರಣ ಇರಬಹುದು.

ಆಮೇಲೆ ವರದಿ. ಅದರಲ್ಲಿ ಫುಡ್ ಕೋರ್ಟ್, ಸೆಲ್ಫಿ ಪಾಯಿಂಟ್, ವಿಶಾಲ ಪಾರ್ಕಿಂಗ್. ಸುತ್ತ ಸಮುದ್ರ, ಕಾರು ಎಲ್ಲಿಂದ ಬರುತ್ತದೆ ಮಾರಾಯ್ರೆ? ಹಾಗೆ ಕೇಳಿದವನು ಅಭಿವೃದ್ಧಿ ವಿರೋಧಿ. ಕುಡಿಯುವ ನೀರಿನ ಪ್ರಸ್ತಾಪ ಮಾತ್ರ ಇರುವುದಿಲ್ಲ. ಪಾಪ, ಮರೆತಿರಬೇಕು.

ಈಗ ಹೊಳೆಯ ಕಡೆ ಬನ್ನಿ. ಕಾಳಿಯ ಜೂಗಗಳು, ಗಂಗಾವಳಿ, ಅಘನಾಶಿನಿ, ಶರಾವತಿಯ ಕುರ್ವೆಗಳು. ಅವೂ ದ್ವೀಪಗಳೇ, ಆದರೆ ಅಲ್ಲಿ ಜನ ಇದ್ದಾರೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆದವರು, ಇಳಿತದ ಹೊತ್ತಿಗೆ ಸೊಂಟದಷ್ಟು ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುವವರು ಇಂಥ ಊರಿನವರೇ. ಹೊಳೆ ನಡುವೆ ಹೀಗೊಂದು ಊರು ಸೇತುವೆ ಕೇಳಿತು ಅಂತಿಟ್ಟುಕೊಳ್ಳಿ. ಉತ್ತರ ಬಾಯಿಪಾಠ: ‘ಜನಸಂಖ್ಯೆ ಕಡಿಮೆ, ಕಾರ್ಯಸಾಧ್ಯವಲ್ಲ.’ ಸೊನ್ನೆ ಜನರಿರುವ ದ್ವೀಪಕ್ಕೆ ಜೆಟ್ಟಿ ಕಾರ್ಯಸಾಧ್ಯ! ಈ ಗಣಿತ ನಮ್ಮ ಶಾಲೆಯಲ್ಲಿ ಕಲಿಸಿರಲಿಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕುವಾಗ ಬಸುರಿಯನ್ನು ಪಾತಿದೋಣಿಯಲ್ಲಿ ದಾಟಿಸುವುದು ಮಾತ್ರ ಎಲ್ಲ ಕಾಲಕ್ಕೂ ಕಾರ್ಯಸಾಧ್ಯ.

ಹಾಗಾಗಿ ಕುರ್ವೆಯವರಿಗೆ ನನ್ನದೊಂದು ಸಲಹೆ. ಸುಮ್ನೆ ಮನವಿ ಕೊಟ್ಟು ಚಪ್ಪಲಿ ಸವೆಸಬೇಡಿ. ಒಂದೆರಡು ವರ್ಷ ಎಲ್ಲರೂ ಕುಮಟಾ, ಅಂಕೋಲಾದ ನೆಂಟರ ಮನೆಗೆ ಹೋಗಿ. ಗಂಟಿ ಕರುಗಳನ್ನೂ ಹೊಡೆದುಕೊಂಡು ಹೋಗಿ, ಇಲ್ಲದಿದ್ದರೆ ಯಾರೋ ಇದ್ದಾರೆ ಅನ್ನೋ ಅನುಮಾನ ಬರುತ್ತದೆ. ದಡದಲ್ಲಿ ‘ನಿರ್ಜನ ದ್ವೀಪ’ ಎಂದು ಬೋರ್ಡು ಹಾಕಿ. ಸಾಹೇಬರು ಬರುತ್ತಾರೆ, ಜೆಟ್ಟಿ ಬರುತ್ತದೆ, ದೀಪ ಬರುತ್ತದೆ, ಪಾರ್ಕಿಂಗ್ ಇದೆ ಅಂದ ಮೇಲೆ ಸೇತುವೆಯೂ ಬರಲೇಬೇಕಲ್ವಾ? ಆಮೇಲೆ ನೀವೆಲ್ಲ ಟಿಕೆಟ್ ತಗೊಂಡು ನಿಮ್ಮ ಮನೆಗೆ ವಾಪಸು ಬನ್ನಿ. ಸಂಜೆ ಆರರೊಳಗೆ ಜಾಗ ಖಾಲಿ ಮಾಡಬೇಕು, ಅಷ್ಟೇ.