ಗೋವಾ ಟ್ರಾನ್ಸ್ ಅಂತೆ, ಗೋವಾ ಟ್ರಾನ್ಸ್!

ನಿನ್ನೆ ರಾತ್ರಿ ತೀರ್ಥಹಳ್ಳಿ ಕಡೆ ಒಂದು ಹೋಂಸ್ಟೇನಲ್ಲಿ ಭಾವನ ಮಗನ ಹುಟ್ಟುಹಬ್ಬ. ಹೊರಗೆ ಧೋ ಅಂತ ಮಳೆ. ಅಡಿಕೆ ಒಣಗಿಸೋ ಅಂಗಳಕ್ಕೆ ಶೀಟು ಹೊದಿಸಿ ಡಿಜೆ ಇಟ್ಟಿದ್ರು. ಬ್ಯಾನರ್ ಮೇಲೆ ‘ಗೋವಾ ಟ್ರಾನ್ಸ್ ನೈಟ್’. ಟ್ರಾನ್ಸ್ ಅಂದ್ರೆ ಕುಣಿಯೋಕೆ ಮಾಡಿದ ಎಲೆಕ್ಟ್ರಾನಿಕ್ ಸಂಗೀತ, ಗೋವಾದ್ದು ಅದರಲ್ಲಿ ಒಂದು ಬಗೆ. ನನ್ನ ಹಳೇ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಕಡುಬಿನ ತಟ್ಟೆ ಅಲ್ಲೇ ಬಿಟ್ಟು ಓಡಿದೆ.

ಹೋಗಿ ಕೇಳಿದ್ರೆ ಪೂರ್ತಿ ಹಾಲೆಂಡಿನ ಮಾಲು! ಅಳೋ ಹೆಣ್ಣುದನಿ, ಪಿಯಾನೊ, ನಡುವೆ ಬೀಟ್ ನಿಲ್ಲಿಸಿ ಎಲ್ಲರ ಕೈ ಮೇಲೆತ್ತಿಸೋದು, ಆಮೇಲೆ ‘ಡ್ರಾಪ್’ ಅಂತ ಒಮ್ಮೆಲೇ ಬೀಟ್ ಬೀಳಿಸಿ ಸೂಪರ್‌ಸಾ ಅನ್ನೋ ದಪ್ಪ ಸಿಂಥಸೈಜರ್ ಸದ್ದಿನ ಅಬ್ಬರ. ಆ ಸದ್ದು ಬಂದಿದ್ದೇ 1996ರಲ್ಲಿ, ರೋಲ್ಯಾಂಡ್ ಜೆಪಿ-8000 ಅನ್ನೋ ಸಿಂಥಸೈಜರ್ ಜೊತೆಗೆ.

“ಎಂತ ಮಾರಾಯ ಇದು?” ಅಂದೆ ಡಿಜೆ ಹುಡುಗನಿಗೆ.

“ಗೋವಾ ಟ್ರಾನ್ಸ್ ಅಂಕಲ್.”

ಅಂಕಲ್ ಅಂದಿದ್ದನ್ನ ನುಂಗಿಕೊಂಡೆ. ಗೋವಾ ಅಂದಿದ್ದು ಗಂಟಲಲ್ಲೇ ನಿಂತಿದೆ.

ಇದೇ ಹುಡುಗನ್ನ ಆಟಕ್ಕೆ ಕರ್ಕೊಂಡು ಹೋಗಿ, ಚೆಂಡೆಯ ಎರಡು ಪೆಟ್ಟು ಬೀಳೋದ್ರೊಳಗೆ ಬಡಗೋ ತೆಂಕೋ ಹೇಳ್ತಾನೆ. ಇಲ್ಲಿ ಮಾತ್ರ ಕಿವಿಗೆ ಬೀಗ.

ಗೋವಾದ್ದು ಹುಟ್ಟಿದ್ದೇ ಬೇರೆ ಥರ. ಕ್ಯಾಲಿಫೋರ್ನಿಯಾದಿಂದ ಬಂದ ಗೋವಾ ಗಿಲ್ ಅಂಥ ಡಿಜೆಗಳು ಗೋವಾದ ಅಂಜುನಾ ದಂಡೆಲಿ ಡ್ಯಾಟ್ ಅನ್ನೋ ಡಿಜಿಟಲ್ ಕ್ಯಾಸೆಟ್ ಹಾಕ್ತಿದ್ರು. ಆ ಸೆಕೆಗೆ ವಿನೈಲ್ ಪ್ಲೇಟು ಸೊಟ್ಟಗಾಗತ್ತೆ. ಡ್ಯಾಟಿನಲ್ಲಿ ವೇಗ ಹೆಚ್ಚುಕಮ್ಮಿ ಮಾಡಿ ಒಂದರ ಬೀಟಿಗೆ ಇನ್ನೊಂದನ್ನ ಕೂರಿಸೋದು ಕಷ್ಟ. ಅದಕ್ಕೇ ಹಾಡಿನ ತಲೆ-ಬಾಲ ಎರಡೂ ಬೀಟಿಲ್ಲದೆ ತೇಲ್ತಾ ಇರೋದು, ಒಂದು ಕರಗುವಾಗ ಇನ್ನೊಂದು ಎದ್ದುಕೊಳ್ಳಲಿ ಅಂತ. ನಡುವೆ ಹಾವಿನ ಥರ ಸುತ್ತಿಕೊಳ್ಳೋ ಸ್ವರಗಳು. ಇಸ್ರೇಲಿನ ಹುಡುಗರು ಸೈನ್ಯದ ಸೇವೆ ಮುಗಿಸಿ ಗೋವಾಕ್ಕೆ ಬಂದು, ಇದನ್ನ ಊರಿಗೆ ಹೊತ್ಕೊಂಡು ಹೋದ್ರು. ಕಾಲ ಕಳೆದಂತೆ ಸ್ವರ ಸವೆದು, ಕಿಕ್ ಡ್ರಮ್ಮಿನ ಪ್ರತಿ ಪೆಟ್ಟಿನ ಹಿಂದೆ ಮೂರು ಬೇಸ್ ಪೆಟ್ಟು, ಧಂ-ದುಗುದು ಧಂ-ದುಗುದು, ಅದೇ ಯಜಮಾನ ಆಯ್ತು. ಸೈಟ್ರಾನ್ಸ್ ಅಂದ್ರೆ ಅದು. ಇನ್ನು ಜರ್ಮನಿಯ ಫ್ರಾಂಕ್‌ಫರ್ಟಿನವರ ಟ್ರಾನ್ಸು ಟೆಕ್ನೋ ಮನೆಯ ಕೂಸು, ಮಾತು ಕಮ್ಮಿ. ಹಾಲೆಂಡಿನವರು ಬೆಲ್ಲ ಸುರಿದ್ರು, ಸುರಿದು ಸುರಿದು 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಗೆ ಅವರ ಡಿಜೆ ಟಿಯೆಸ್ಟೊ ಹೋಗಿ ನುಡಿಸೋ ಮಟ್ಟಕ್ಕೆ ಬಂತು.

“ಕುಣಿಯೋರಿಗೆ ಈ ಪುರಾಣ ಎಂತಕ್ಕೆ? ಕಾಲಕ್ಕೆ ತಕ್ಕಂತೆ ಎಲ್ಲ ಬದಲಾಗತ್ತೆ” ಅಂದ್ಲು ನಮ್ಮನೆಯವಳು. ಬದಲಾಗಲಿ, ಯಾರು ಬೇಡ ಅಂದ್ರು? ನಾಳೆ ಒಂದೆಲಗದ ತಂಬುಳಿನ ಮಜ್ಜಿಗೆಹುಳಿ ಅಂತ ಬಡಿಸ್ತೀನಿ, ಸುಮ್ಮನೆ ಉಣ್ಣು ಅಂದೆ. ವಾಪಸ್ ಬರೋವಾಗ ಕಾರಲ್ಲಿ ಮಾತಿಲ್ಲ.

ಹೇಳಿಬಿಡ್ತೀನಿ, ಇಲ್ದಿದ್ರೆ ಹಾಸ್ಟೆಲ್ಲಿನವರು ಯಾರಾದ್ರೂ ಕೆಳಗೆ ಬರೆದೇ ಬರೀತೀರಿ. 2001ರಲ್ಲಿ ಅಂಜುನಾದ ಬುಧವಾರದ ಸಂತೆಲಿ, ಮೇಲೆ ಓಂ ಚಿತ್ರ ಇದ್ದ ಒಂದು ಕಳ್ಳ ಸಿಡಿ ತಂದು, ‘ಅಸಲಿ ಗೋವಾ ಕಣ್ರೋ’ ಅಂತ ಎರಡು ವರ್ಷ ಇಡೀ ಹಾಸ್ಟೆಲ್ಲಿನ ತಲೆ ತಿಂದವ ನಾನೇ. ಅದರೊಳಗಿದ್ದ ಹನ್ನೆರಡಕ್ಕೆ ಹನ್ನೆರಡೂ ಹಾಲೆಂಡಿನವೇ.

ಬೆಳಿಗ್ಗೆ ಆ ಹುಡುಗನ ಮೆಸೇಜ್: ‘ಅಂಕಲ್, ನಿಜವಾದ ಗೋವಾದ್ದು ಒಂದು ಕಳ್ಸಿ’. ಖುಷಿಯಾಗಿ ಇಸ್ರೇಲಿನ ಆಸ್ಟ್ರಲ್ ಪ್ರೊಜೆಕ್ಷನ್ ತಂಡದ್ದು ಒಂದು ಕಳಿಸಿದೆ. ಪೂರ್ತಿ ಎಂಟು ನಿಮಿಷದ್ದು.

ಎರಡೇ ನಿಮಿಷಕ್ಕೆ ಉತ್ತರ ಬಂತು: ‘ಇದ್ರಲ್ಲಿ ಡ್ರಾಪ್ ಎಲ್ಲಿದೆ ಅಂಕಲ್?’